ನೀಲಿಯ ಕೆಳಗೆ ಇನ್ನೊಂದು ನೀಲಿ

ಶಿವಮೊಗ್ಗದಲ್ಲಿ ಗಾಡಿಗಳಿಗೆ ಪೇಂಟ್ ಪ್ರೊಟೆಕ್ಷನ್ ಫಿಲ್ಮ್, ಅಂದರೆ ಬಣ್ಣ ಕಾಯುವ ಪಾರದರ್ಶಕ ಹಾಳೆ, ಪಿಪಿಎಫ್ ಹಾಕುವ ಕೆಲಸ ನನ್ನದು. ಸುಮಾರು ಗಾಡಿ ಬಂದಿವೆ, ಹೋಗಿವೆ. ಒಂದು ಗಾಡಿ ಮಾತ್ರ 13 ತಿಂಗಳಲ್ಲಿ 5 ಸಲ ನಮ್ಮ ಶೆಡ್ಡಿಗೆ ಬಂತು. ಅದರಲ್ಲಿ ಎರಡು ಸಲ ಬರಬೇಕಾಗಿ ಬಂದಿದ್ದು ನನ್ನ ತಪ್ಪಿನಿಂದ. ಈ ಕೆಲಸ ಕಲಿಯುತ್ತಿರುವ ಹುಡುಗರಿಗೂ, ಆಸೆಪಟ್ಟು ಒಳ್ಳೆ ಗಾಡಿ ತಗೊಂಡು ಮಲೆನಾಡಿನ ರಸ್ತೆಯಲ್ಲಿ ಓಡಿಸುವವರಿಗೂ ಉಪಯೋಗವಾದೀತು ಅಂತ ನಡೆದಿದ್ದನ್ನು ನಡೆದ ಹಾಗೆ ಬರೆಯುತ್ತಿದ್ದೇನೆ.

ಮಾಲೀಕರ ಹೆಸರು ಹೇಳುವುದಿಲ್ಲ. ಗಾಡಿಯ ಮಾಡೆಲ್ಲೂ ಹೇಳುವುದಿಲ್ಲ. ಹೇಳಿದರೆ ಗೋಪಿ ಸರ್ಕಲ್‌ನಲ್ಲಿ ನಿಂತವರು "ಓ, ಅವರದ್ದಾ" ಅಂದುಬಿಡುತ್ತಾರೆ. ಜರ್ಮನಿಯ ಗಾಡಿ. ಎರಡೇ ಸೀಟು. ಇಂಜಿನ್ ಸೀಟಿನ ಹಿಂದೆ, ಬಾನೆಟ್ ಎತ್ತಿದರೆ ಅಲ್ಲಿ ಡಿಕ್ಕಿ. ಬಣ್ಣ ಗಾಢ ನೀಲಿ ಮೆಟಾಲಿಕ್. ಮಾಲೀಕರಿಗೆ ತೀರ್ಥಹಳ್ಳಿ ಕಡೆ ಅಡಿಕೆ ತೋಟ ಇದೆ, ಅವರನ್ನು ಯಜಮಾನರು ಅನ್ನುತ್ತೇನೆ. ಗುರುತು ಸಿಗದಿರಲಿ ಅಂತ ಒಂದೆರಡು ಸಣ್ಣ ವಿವರ ಬದಲಿಸಿದ್ದೇನೆ. ಕೆಲಸದ ವಿಷಯದಲ್ಲಿ ಏನೂ ಬದಲಿಸಿಲ್ಲ.

ಗಾಡಿ ಮತ್ತು ಅದು ಓಡುವ ದಾರಿ

ಗಾಡಿ ಬೆಂಗಳೂರಿನಿಂದ ಸೆಕೆಂಡ್ ಹ್ಯಾಂಡ್ ಬಂದಿದ್ದು, 2023ರ ಆಗಸ್ಟ್‌ನಲ್ಲಿ. ಆಗ ಅದಕ್ಕೆ ಮೂರು ವರ್ಷ. ಮಾರಿದವರು ಎರಡು ಮಾತು ಹೇಳಿದ್ದರು. ಒಂದು, ಪೇಂಟ್ ಪೂರ್ತಿ ಕಂಪನಿಯದ್ದು. ಎರಡು, ಸೆರಾಮಿಕ್ ಕೋಟಿಂಗ್ ಆಗಿದೆ, ಕಲ್ಲಿಗೆಲ್ಲ ಹೆದರಬೇಡಿ.

ಎರಡನೇ ಮಾತು ಸುಳ್ಳು ಅಂತ ಯಜಮಾನರಿಗೆ ಆರು ತಿಂಗಳಲ್ಲಿ ಗೊತ್ತಾಯಿತು. ಮೊದಲನೆಯದು ಸುಳ್ಳು ಅಂತ ನನಗೆ ಗೊತ್ತಾಗುವ ಹೊತ್ತಿಗೆ ತಡವಾಗಿತ್ತು.

ಗಾಡಿ ಓಡುವುದು ಮೂರು ತರದ ದಾರಿಯಲ್ಲಿ. ಮನೆಯಿಂದ ಡಾಂಬರು ರಸ್ತೆ ಸೇರಲು ಸುಮಾರು ಎರಡು ಕಿಲೋಮೀಟರ್ ಜಂಬಿಟ್ಟಿಗೆ ಮಣ್ಣಿನ ದಾರಿ. ಅಲ್ಲಿಂದ ಮಂಡಗದ್ದೆ, ಸಕ್ರೆಬೈಲು, ಗಾಜನೂರು ದಾಟಿ ಶಿವಮೊಗ್ಗ. ಈ ದಾರಿಯಲ್ಲಿ ಮಳೆಗಾಲ ಮುಗಿದ ಮೇಲೆ ಗುಂಡಿ ಮುಚ್ಚಲು ಜಲ್ಲಿ ಸುರಿಯುತ್ತಾರೆ, ಅದು ವಾಹನಗಳ ಚಕ್ರಕ್ಕೆ ಸಿಕ್ಕಿ ತಿಂಗಳುಗಟ್ಟಲೆ ರಸ್ತೆ ತುಂಬ ಓಡಾಡಿಕೊಂಡಿರುತ್ತದೆ. ಮೂರನೆಯದು ಬೆಂಗಳೂರಿನ ದಾರಿ. ಭದ್ರಾವತಿ, ತರೀಕೆರೆ, ಕಡೂರು, ಅರಸೀಕೆರೆ, ತಿಪಟೂರು. ಆಗ ನಾಲ್ಕು ಪಥದ ಕಾಮಗಾರಿ ನಡೆಯುತ್ತಿದ್ದ ಕಡೆ ಮುಂದೊಂದು ಟಿಪ್ಪರ್, ಎದುರಿಗೊಂದು ಟಿಪ್ಪರ್. ಮೇಲೆ ಟಾರ್ಪಾಲು ಕಟ್ಟಿದವರು ಪುಣ್ಯವಂತರು.

2024ರ ಫೆಬ್ರವರಿಯಲ್ಲಿ ಯಜಮಾನರು ಮೊದಲ ಸಲ ಬಂದಾಗ, ಕಲ್ಲು ಬಡಿದು ಪೇಂಟ್ ಎದ್ದ ಜಾಗಕ್ಕೆಲ್ಲ ಮಾಸ್ಕಿಂಗ್ ಟೇಪಿನ ಸಣ್ಣ ಚೂರು ಅಂಟಿಸಿದೆವು. ಬಾನೆಟ್, ಬಂಪರ್, ಎರಡು ಫೆಂಡರ್ (ಮುಂದಿನ ಚಕ್ರದ ಮೇಲಿನ ತಗಡು) ಸೇರಿ 83. ಗಾಢ ನೀಲಿ ಗಾಡಿಯ ಮೇಲೆ ಹಳದಿ ಚುಕ್ಕೆ, ದಡಾರ ಎದ್ದ ಹಾಗೆ. ಅವರು ಸುತ್ತ ಒಂದು ರೌಂಡ್ ಬಂದು, "ಮಾರಾಯ, ಅದನ್ನೆಲ್ಲ ತೆಗಿ ಮೊದ್ಲು, ನೋಡಕ್ಕಾಗಲ್ಲ" ಅಂದರು.

ಸೆರಾಮಿಕ್ ಬೇರೆ, ಫಿಲ್ಮ್ ಬೇರೆ

ಇದನ್ನು ದಿನಕ್ಕೊಂದು ಸಲ ಯಾರಿಗಾದರೂ ಹೇಳುತ್ತಿರುತ್ತೇನೆ. ಕಂಪನಿ ಪೇಂಟ್ ಅಂದರೆ ಪ್ರೈಮರ್, ಬಣ್ಣ, ಮೇಲಿನ ಕ್ಲಿಯರ್ ಕೋಟ್ ಎಲ್ಲ ಸೇರಿ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್. ನಾವು ಜೆರಾಕ್ಸ್‌ಗೆ ಬಳಸುವ ಒಂದು ಹಾಳೆ ಹತ್ತಿರಹತ್ತಿರ 100 ಮೈಕ್ರಾನ್ ಇರುತ್ತದೆ. ಅಂದರೆ ಕೋಟಿ ರೂಪಾಯಿ ಗಾಡಿಯ ಬಣ್ಣ ಹೆಚ್ಚೆಂದರೆ ಒಂದೂವರೆ ಹಾಳೆಯಷ್ಟು ದಪ್ಪ. ಸೆರಾಮಿಕ್ ಕೋಟಿಂಗ್ ಇದರ ಮೇಲೆ ಒಂದೆರಡು ಮೈಕ್ರಾನ್. ನೀರು ಜಾರುತ್ತದೆ, ಹೊಳಪು ಬರುತ್ತದೆ, ತೊಳೆಯುವುದು ಸುಲಭ. ಜಲ್ಲಿಗೆ ಅದು ಲೆಕ್ಕಕ್ಕೇ ಇಲ್ಲ.

ಪಿಪಿಎಫ್ ಪಾಲಿಯುರೆಥೇನ್ ಹಾಳೆ, 150ರಿಂದ 200 ಮೈಕ್ರಾನ್. ರಬ್ಬರಿನ ಹಾಗೆ ಎಳೆದರೆ ಬರುತ್ತದೆ, ಬಿಟ್ಟರೆ ಹೋಗುತ್ತದೆ. ಕಲ್ಲು ಬಡಿದಾಗ ಪೆಟ್ಟನ್ನು ತಾನು ನುಂಗಿ ಸುತ್ತ ಹರಡುತ್ತದೆ. ಇದು ಹುಟ್ಟಿದ್ದು ಕಾರಿಗೆ ಅಲ್ಲ. ವಿಯೆಟ್ನಾಂ ಯುದ್ಧದ ಕಾಲದಲ್ಲಿ ಹೆಲಿಕಾಪ್ಟರಿನ ರೆಕ್ಕೆಗಳು ಮರಳು, ಚೂರು ಬಡಿದು ಹಾಳಾಗುತ್ತಿದ್ದವು, ಅದಕ್ಕೆ ಅಂತ 3ಎಂ ಕಂಪನಿ ಮಾಡಿದ ಪ್ಲಾಸ್ಟಿಕ್ಕಿನ ಮರಿಮೊಮ್ಮಗ ಇದು. ಮಾರುಕಟ್ಟೆಯಲ್ಲಿ ಪಿವಿಸಿಯದ್ದೂ ಪಿಪಿಎಫ್ ಅಂತಲೇ ಮಾರುತ್ತಾರೆ. ಅಗ್ಗ, ಆದರೆ ಬಿಸಿಲಿಗೆ ಬೇಗ ಹಳದಿಯಾಗುತ್ತದೆ, ಗಡುಸಾಗುತ್ತದೆ.

ಮೇಲ್ಪದರ ತಾನೇ ವಾಸಿಯಾಗುತ್ತದೆ ಅನ್ನುವುದು ನಿಜ. ತೊಳೆಯುವಾಗ ಬಿದ್ದ ಕೂದಲೆಳೆಯಂಥ ಗೀರುಗಳು ಬಿಸಿಲಿಗೋ ಬಿಸಿನೀರಿಗೋ ಮಾಯವಾಗುತ್ತವೆ. ತೂತು ಬಿದ್ದರೆ ಮುಚ್ಚಿಕೊಳ್ಳುವುದಿಲ್ಲ. ಇದನ್ನು ಬಿಲ್ ಹರಿಯುವ ಮೊದಲೇ ಹೇಳಬೇಕು.

ಮೊದಲ ತೀರ್ಮಾನ

ಪೂರ್ತಿ ಗಾಡಿಗೆ ನಾನು ಹೇಳಿದ ರೇಟು 2 ಲಕ್ಷ 60 ಸಾವಿರ. ಮುಂದಿನ ಭಾಗಕ್ಕೆ ಮಾತ್ರ, ಅಂದರೆ ಬಂಪರ್, ಬಾನೆಟ್, ಎರಡು ಫೆಂಡರ್, ಕನ್ನಡಿ, ಹೆಡ್‌ಲೈಟ್‌ಗೆ 90 ಸಾವಿರ. ಆ ವರ್ಷ ಅಡಿಕೆಗೆ ಕೊಳೆರೋಗ ಹೊಡೆದು ಫಸಲು ಅಷ್ಟಕ್ಕಷ್ಟೆ. "ಮುಂದೆ ತಾನೇ ಕಲ್ಲು ಬಡಿಯೋದು? ಮುಂದೆ ಹಾಕು ಸಾಕು" ಅಂದರು. ನಾನೂ ಸರಿ ಅಂದೆ. 83 ಚುಕ್ಕೆಯೂ ಮುಂದೆಯೇ ಇದ್ದವಲ್ಲ. ಹಿಂದಿನ ಚಕ್ರದ ಕಡೆ ಟೇಪ್ ಹಿಡಿದು ಕೂತು ನೋಡಲೇ ಇಲ್ಲ ಅನ್ನುವುದು ಆಮೇಲೆ ಹೊಳೆಯಿತು.

ಇನ್ನೊಂದು ವಿಷಯ: ನಾಲ್ಕು ದಿನದಲ್ಲಿ ಬೆಂಗಳೂರಿನಲ್ಲಿ ಅವರ ತಂಗಿಯ ಮಗಳ ಮದುವೆ. ಗಾಡಿ ಅಷ್ಟರಲ್ಲಿ ರೆಡಿಯಾಗಬೇಕು. ಈ ಕೆಲಸದಲ್ಲಿ ಮದುವೆ ದಿನಾಂಕಕ್ಕೆ ಸಿಕ್ಕಿಹಾಕಿಕೊಂಡವನು ಕೆಟ್ಟ.

ಮೀಟರ್ ಮಾತಾಡದ ಜಾಗ

ಪೇಂಟಿನ ದಪ್ಪ ಅಳೆಯುವ ಮೀಟರ್ ಇಟ್ಟು ನೋಡಿದೆವು. ಬಾನೆಟ್ ಅಲ್ಯೂಮಿನಿಯಂ, ಮ್ಯಾಗ್ನೆಟ್ ಹಿಡಿಯುವುದಿಲ್ಲ. ನನ್ನ ಮೀಟರ್ ಎರಡೂ ಲೋಹಕ್ಕೆ ಕೆಲಸ ಮಾಡುತ್ತದೆ, ಅಲ್ಲಿ 115, 120 ತೋರಿಸಿತು. ಕಂಪನಿ ಪೇಂಟ್, ಅನುಮಾನವೇ ಇಲ್ಲ. ಬಲ ಫೆಂಡರ್ 118. ಎಡ ಫೆಂಡರ್‌ಗೆ ಬಂದರೆ 250!

ಯಜಮಾನರು ಅಲ್ಲೇ ನಿಂತು ಮಾರಿದವರಿಗೆ ಫೋನ್ ಮಾಡಿದರು. "ಅದಾ ಸಾರ್, ಪಾರ್ಕಿಂಗಲ್ಲಿ ಒಂದು ಸ್ಕ್ರ್ಯಾಚ್ ಆಗಿತ್ತು, ಒಂದೇ ಪ್ಯಾನಲ್ ಟಚಪ್ ಮಾಡ್ಸಿದ್ವಿ. ಬಂಪರ್ ಒರಿಜಿನಲ್" ಅಂತ ಆ ಕಡೆಯಿಂದ ಉತ್ತರ.

ಬಂಪರ್ ಪ್ಲಾಸ್ಟಿಕ್. ನನ್ನ ಮೀಟರ್ ಓದುವುದು ಲೋಹದ ಮೇಲಿನ ಬಣ್ಣವನ್ನು ಮಾತ್ರ. ಪ್ಲಾಸ್ಟಿಕ್ ಮೇಲೆ ಇಟ್ಟರೆ ಅದು ಗಪ್‌ಚುಪ್. ಎಡ ಫೆಂಡರ್ ಮತ್ತೆ ಪೇಂಟ್ ಆಗಿದೆ ಅಂದಮೇಲೆ ಪಕ್ಕದ ಬಂಪರಿನ ಎಡ ಮೂಲೆಗೂ ಏನಾದರೂ ಆಗಿರಬೇಕು ಅಲ್ವಾ? ಕಾಮನ್ ಸೆನ್ಸ್. ಆದರೆ ಮದುವೆಗೆ ಇನ್ನು ಮೂರೇ ದಿನ ಇತ್ತು, ಮಾರಿದವರ ಮಾತೂ ನನಗೆ ಅನುಕೂಲವಾಗಿಯೇ ಇತ್ತು. ನಂಬಿದೆ.

ಮತ್ತೆ ಪೇಂಟ್ ಆಗಿದ್ದರೆ ಏನು ತೊಂದರೆ? ಕಂಪನಿಯಲ್ಲಿ ಬರಿಯ ಬಾಡಿ ಮೇಲೆ ಪೇಂಟ್ ಹೊಡೆದು ಸುಮಾರು 140 ಡಿಗ್ರಿಯಲ್ಲಿ ಬೇಯಿಸುತ್ತಾರೆ. ಬಣ್ಣ ತಗಡಿಗೆ ಕಚ್ಚಿಕೊಂಡು ಕೂರುತ್ತದೆ. ಹೊರಗೆ ಗ್ಯಾರೇಜಿನಲ್ಲಿ ಟೈರು, ಸೀಟು, ವೈರಿಂಗ್ ಎಲ್ಲ ಇರುವ ಗಾಡಿಯನ್ನು ಅಷ್ಟು ಬಿಸಿ ಮಾಡಲು ಆಗುವುದಿಲ್ಲ. ಬಿಸಿ ಕೊಡುವ ಪೇಂಟ್ ಕೋಣೆ, ಅಂದರೆ ಬೂತ್ ಇದ್ದವರು 60 ಡಿಗ್ರಿ ಆಸುಪಾಸು ಕೊಡುತ್ತಾರೆ. ಒಳ್ಳೆಯ ಪೇಂಟರ್ ಮಾಡಿದರೆ ಅದೂ ಗಟ್ಟಿಯೇ. ಆದರೆ ಹಿಡಿತವೆಲ್ಲ ಅವನು ಕೆಳಗಿನ ಪದರ ಎಷ್ಟು ಚೆನ್ನಾಗಿ ಉಜ್ಜಿದ್ದ ಅನ್ನುವುದರ ಮೇಲೆ.

ಹೆಬ್ಬೆರಳಿನಷ್ಟು ಬಣ್ಣ

ಬಂಪರಿನ ಎಡ ಮೂಲೆ ಈ ಗಾಡಿಯ ಅತಿ ಕಷ್ಟದ ಜಾಗ. ಗಾಳಿ ಒಳಗೆ ಹೋಗುವ ದೊಡ್ಡ ಬಾಯಿ ಇದೆ, ಅದರ ಸುತ್ತ ಮೂರು ಕಡೆಗೆ ತಿರುವು. ಬೇಬಿ ಶಾಂಪೂ ಹಾಕಿದ ನೀರು ಸಿಂಪಡಿಸಿ ಫಿಲ್ಮ್ ತೇಲಿಸಿದೆವು. ಒಂದು ಕಡೆ ಆಲ್ಕೋಹಾಲ್ ನೀರು ಹಾಕಿ ಕಚ್ಚಿಸಿ, ಇನ್ನೊಂದು ಕಡೆಯಿಂದ ಎಳೆದೆವು. ಮಡಿಕೆ ಬಂತು. ಮಡಿಕೆ ಬಂದರೆ ಎತ್ತಿ ಮತ್ತೆ ಕೂರಿಸಬೇಕು, ದಿನಾ ಮಾಡುವ ಕೆಲಸ. ನಮ್ಮ ಹುಡುಗ ಹೀಟ್ ಗನ್ನಿನಿಂದ ಸ್ವಲ್ಪ ಬಿಸಿ ಮಾಡಿದ, ನಾನು ಫಿಲ್ಮಿನ ತುದಿ ಹಿಡಿದು ನಿಧಾನಕ್ಕೆ ಎತ್ತಿದೆ.

"ಚರ್" ಅಂತ ಒಂದು ಸಣ್ಣ ಸದ್ದು. ಬ್ಯಾಂಡೇಜ್ ಪಟ್ಟಿ ಕಿತ್ತ ಹಾಗೆ.

ಫಿಲ್ಮಿನ ಅಂಟಿನ ಕಡೆ ಹೆಬ್ಬೆರಳಿನ ಉಗುರಿಗಿಂತ ಸ್ವಲ್ಪ ದೊಡ್ಡದಾದ ನೀಲಿ ಚೂರು ಕೂತಿತ್ತು. ಬಂಪರ್ ಮೇಲೆ ಕಪ್ಪು ಪ್ಲಾಸ್ಟಿಕ್ ಕಾಣುತ್ತದೆ ಅಂದುಕೊಂಡು ಬಗ್ಗಿ ನೋಡಿದೆ. ಕಂಡಿದ್ದು ಇನ್ನೊಂದು ನೀಲಿ. ನಯವಾಗಿ, ಹೊಳೆಯುತ್ತಾ ಇತ್ತು. ಬೆರಳಾಡಿಸಿದರೆ ಗಾಜಿನ ಹಾಗೆ ಜಾರುತ್ತದೆ. ಅಂದರೆ ಯಾರೋ ಕಂಪನಿಯ ಪೇಂಟಿನ ಮೇಲೆ, ಉಜ್ಜುವ ವಾಟರ್ ಪೇಪರ್ ಕೂಡ ಮುಟ್ಟಿಸದೆ, ಹೊಳಪಿನ ಮೇಲೇ ಹೊಸ ಬಣ್ಣ ಹೊಡೆದು ಕಳಿಸಿದ್ದರು. ಅದು ಅಷ್ಟು ದಿನ ನಿಂತಿದ್ದೇ ಹೆಚ್ಚು.

ಇಲ್ಲಿ ಎರಡು ದಾರಿ ಇತ್ತು. ಆ ಚೂರಿನ ಜಾಗಕ್ಕೆ ಟಚಪ್ ಪೇಂಟ್ ತುಂಬಿ, ಮೇಲೆ ಫಿಲ್ಮ್ ಎಳೆದು, ಮದುವೆಗೆ ಕಳಿಸಿಬಿಡುವುದು ಒಂದು. ಫಿಲ್ಮ್ ಮೇಲೆ ಇರುವವರೆಗೆ ಯಾರಿಗೂ ಕಾಣುವುದಿಲ್ಲ. ನಮ್ಮ ಹುಡುಗ ಅದನ್ನೇ ಮೆಲ್ಲಗೆ ಹೇಳಿದ. ಸುಳ್ಳು ಹೇಳುವುದಿಲ್ಲ, ಎರಡು ನಿಮಿಷ ನನಗೂ ಮನಸ್ಸಾಗಿತ್ತು. ಆದರೆ ಐದು ವರ್ಷ ಬಿಟ್ಟು ಈ ಫಿಲ್ಮ್ ತೆಗೆಯುವವನು ಇಡೀ ಬಂಪರಿನ ಬಣ್ಣವನ್ನು ಹಪ್ಪಳದ ಹಾಗೆ ಎಬ್ಬಿಸುತ್ತಾನೆ. ಅವನು ನಾನೇ ಆಗಿರುತ್ತೇನೆ. ಶಿವಮೊಗ್ಗದಂಥ ಊರಲ್ಲಿ ಐದು ವರ್ಷದ ಹಿಂದಿನ ಕೆಲಸ ಯಾರದ್ದು ಅಂತ ಎಲ್ಲರಿಗೂ ನೆನಪಿರುತ್ತದೆ.

ಯಜಮಾನರಿಗೆ ಫೋನ್ ಮಾಡಿ "ಸಾರ್, ಬನ್ನಿ, ನೋಡಿ" ಅಂದೆ. ಬಂದರು, ನೋಡಿದರು. ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. ಆಮೇಲೆ, "ನೀನು ಕಿತ್ತೆಯೋ, ಅದೇ ಬಂತೋ?" ಅಂದರು.

"ನಾನು ಕಿತ್ತೆ, ಅದು ಬಂತು" ಅಂದೆ. ಎಡ ಫೆಂಡರಿನ ಒಳ ಅಂಚಿನಲ್ಲಿ ಅವರ ಎದುರಿಗೇ ಗಟ್ಟಿ ಟೇಪ್ ಅಂಟಿಸಿ ಎಳೆದು ತೋರಿಸಿದೆ. ಅಲ್ಲೂ ಸಾಸಿವೆ ಕಾಳಿನಷ್ಟು ಎದ್ದು ಬಂತು. ಒಂದೇ ಕೈಯ ಕೆಲಸ.

ದುಡ್ಡಿನ ಮಾತು ಬೇಗ ಮುಗಿಯಿತು. ಬಂಪರ್ ಮತ್ತು ಫೆಂಡರ್ ಎರಡನ್ನೂ ಹಳೆ ಪದರ ತೆಗೆದು ಮತ್ತೆ ಪೇಂಟ್ ಮಾಡಿಸುವುದು, ಖರ್ಚಿನಲ್ಲಿ ಮೂರನೇ ಒಂದು ಭಾಗ ನನ್ನದು. ಅನುಮಾನ ಇದ್ದೂ ಕೇಳದೆ ಫಿಲ್ಮ್ ಎಳೆದಿದ್ದಕ್ಕೆ ಅದು ದಂಡ. ಮಾರಿದವರಿಂದ ಏನೂ ಬರಲಿಲ್ಲ.

ಬಾನೆಟ್, ಬಲ ಫೆಂಡರ್, ಕನ್ನಡಿಗಳಿಗೆ ಫಿಲ್ಮ್ ಹಾಕಿ, ಬಂಪರಿನ ಗಾಯಕ್ಕೆ ಟಚಪ್ ಸವರಿ, ಗಾಡಿ ಮದುವೆಗೆ ಹೋಯಿತು. ಫೋಟೋಗಳಲ್ಲಿ ಬಲಗಡೆ ಮಾತ್ರ ಇದೆಯಂತೆ.

ಬಾನೆಟ್ಟಿನ ಚುಕ್ಕೆಗಳು

ಬಾನೆಟ್ ಮೇಲೆ ಮಾತ್ರ 34 ಪೆಟ್ಟು ಇದ್ದವು. ಮತ್ತೆ ಪೇಂಟ್ ಮಾಡಿಸಿಬಿಡೋಣ ಅಂತ ಯಜಮಾನರು ಹೇಳಿದ್ದರು. ನಾನು ಬೇಡ ಅಂದೆ, ಆ ಒಂದು ವಿಷಯದಲ್ಲಿ ಮೊದಲಿನಿಂದಲೂ ಸರಿಯಿದ್ದೆ. ಕಂಪನಿಯ ಪೇಂಟ್ ಒಮ್ಮೆ ಹೋದರೆ ವಾಪಸ್ ಬರುವುದಿಲ್ಲ. ಚುಕ್ಕೆಗಳನ್ನು ಹಾಗೇ ಬಿಟ್ಟು ಫಿಲ್ಮ್ ಎಳೆದರೆ ಪ್ರತಿ ಗುಂಡಿಯಲ್ಲೂ ಗಾಳಿ ಕೂತು ಬೆಳ್ಳಿ ಚುಕ್ಕೆ ಕಾಣುತ್ತದೆ. ಹಾಗಾಗಿ ಒಂದೊಂದಕ್ಕೂ ಸೂಜಿ ತುದಿಯಿಂದ ಬಣ್ಣ ತುಂಬಿ, ಒಣಗಿದ ಮೇಲೆ ಮತ್ತೆ ತುಂಬಿ, ಸಮ ಮಾಡಿ ಪಾಲಿಶ್ ಮಾಡಬೇಕು. ಮೂರು ಗುಂಡಿ ಲೋಹದವರೆಗೆ ಹೋಗಿದ್ದವು. ಅಲ್ಯೂಮಿನಿಯಂ ಆದ್ದರಿಂದ ಕೆಂಪು ತುಕ್ಕು ಇಲ್ಲ, ಬಿಳಿ ಹಿಟ್ಟಿನಂಥದ್ದು ಕೂತಿತ್ತು. ಅದನ್ನು ಕೆರೆದು ಪ್ರೈಮರ್ ಕೊಟ್ಟೆವು. ಒಂದೂವರೆ ದಿನ ಹಿಡಿಯಿತು. ಫಿಲ್ಮ್ ಎಳೆಯಲು ಎರಡೇ ಗಂಟೆ.

ಕಾಯುವುದು

ಸಾಗರ ರಸ್ತೆಯ ಕಡೆ ನನಗೆ ಗೊತ್ತಿರುವ ಒಬ್ಬ ಹಿರಿಯ ಪೇಂಟರ್ ಇದ್ದಾರೆ. ಬಂಪರ್, ಫೆಂಡರ್ ಎರಡನ್ನೂ ಬಿಚ್ಚಿ ಅವರಿಗೆ ಕೊಟ್ಟೆ. ಅವರ ಕೆಲಸ ಚೆನ್ನ. "ಬೂತಲ್ಲಿ ಬೇಯ್ಸಿದೀನಿ, ಮೂರನೇ ದಿನ ಫಿಲ್ಮ್ ಹಾಕ್ಕೋ" ಅಂದರು. ಹೊರಗೆ ಮುಟ್ಟಿದರೆ ಪೇಂಟ್ ಒಣಗಿರುತ್ತದೆ. ಒಳಗಿನ ಥಿನ್ನರ್ ಇನ್ನೂ ಹೊರಗೆ ಬರುತ್ತಲೇ ಇರುತ್ತದೆ. ಮೇಲೆ ಫಿಲ್ಮ್ ಮುಚ್ಚಿದರೆ ಅದಕ್ಕೆ ದಾರಿ ಇಲ್ಲ. ಗುಳ್ಳೆ ಏಳಬಹುದು, ಬಣ್ಣ ಮೆತ್ತಗೇ ಉಳಿಯಬಹುದು. ಕನಿಷ್ಠ ಒಂದು ತಿಂಗಳು ಬಿಡಬೇಕು. ನಾನು ಆರು ವಾರ ಬಿಟ್ಟೆ. ಆ ಆರು ವಾರ ಯಜಮಾನರು ಹೆದ್ದಾರಿಗೆ ಗಾಡಿ ಇಳಿಸಲಿಲ್ಲ. ಅವರ ತಾಯಿ ಮಾತ್ರ, "ಇಷ್ಟು ದುಡ್ಡು ಕೊಟ್ಟು ಕೊಟ್ಟಿಗೆಯಲ್ಲಿ ಕಟ್ಟೋಕೆ ಒಂದು ಎಮ್ಮೆ ಆದ್ರೂ ತರಬಹುದಿತ್ತು" ಅಂದರಂತೆ.

ಏಪ್ರಿಲ್ ಮಧ್ಯದಲ್ಲಿ ಎರಡನೇ ಸಲ ಬಂತು. ಬಂಪರ್ ಈ ಸಲ ಸಲೀಸಾಗಿ ಕೂತಿತು, ಮಡಿಕೆ ಬಂದಾಗ ಎರಡು ಸಲ ಎತ್ತಿದರೂ ಬಣ್ಣ ಅಲುಗಲಿಲ್ಲ. ಆದರೆ ಆ ಸಂಜೆ ಮೊದಲ ಮಳೆ ಬಂತು. ಮಲೆನಾಡಿನವರಿಗೆ ಮುಂದೇನು ಅಂತ ಹೇಳಬೇಕಾಗಿಲ್ಲ. ಗೆದ್ದಲಿಗೆ ರೆಕ್ಕೆ ಬಂದು ಸಾವಿರಾರು ಹುಳು ಶೆಡ್ಡಿನ ಲೈಟಿಗೆ ಮುತ್ತಿದವು. ಶಟರ್ ಎಳೆಯುವಷ್ಟರಲ್ಲಿ ಎಡ ಫೆಂಡರಿನ ಒದ್ದೆ ಫಿಲ್ಮಿನ ಕೆಳಗೆ ಎರಡು ರೆಕ್ಕೆ ಸೇರಿಕೊಂಡಿದ್ದವು. ಎಣ್ಣೆ ಕಾಗದದಷ್ಟು ತೆಳ್ಳಗೆ, ನರ ನರ ಕಾಣುವ ಹಾಗೆ. ಆ ಹಾಳೆ ಪೂರ್ತಿ ಕಿತ್ತು ಬಿಸಾಕಿ, ಮಾರನೇ ದಿನ ಹೊಸದು ಹಾಕಿದೆವು. ನಷ್ಟ ನಮ್ಮದು. ಏಪ್ರಿಲ್, ಮೇ ತಿಂಗಳಲ್ಲಿ ಸಂಜೆ ಐದರ ಮೇಲೆ ಈಗ ನಾವು ಫಿಲ್ಮ್ ಬಿಚ್ಚುವುದೇ ಇಲ್ಲ.

ಕಂಪನಿಯವರು ತೋರಿಸಿದ್ದರು, ನಾನು ಓದಲಿಲ್ಲ

ಆಗಸ್ಟ್‌ನಲ್ಲಿ ಮೂರನೇ ಸಲ ಬಂದರು. ಮುಂದೆ ಒಂದೇ ಒಂದು ಹೊಸ ಪೆಟ್ಟಿಲ್ಲ. ಯಜಮಾನರು ನನ್ನ ಹೆಗಲ ಮೇಲೆ ಕೈ ಹಾಕಿ ಹಿಂದಕ್ಕೆ ಕರೆದುಕೊಂಡು ಹೋದರು. ಹಿಂದಿನ ಚಕ್ರದ ಮೇಲೆ ಈ ಗಾಡಿಯ ಮೈ ಉಬ್ಬಿಕೊಂಡು ಹೊರಗೆ ಬಂದಿದೆ. ಆ ಉಬ್ಬಿನ ಮುಂಭಾಗ, ಬಾಗಿಲಿನ ಕೆಳಗಿನ ಅರ್ಧ, ಅದರ ಕೆಳಗಿನ ಪಟ್ಟಿ ಅಂದರೆ ಸೈಡ್ ಸ್ಕರ್ಟ್ ಎಲ್ಲ ವಾಟರ್ ಪೇಪರ್ ಉಜ್ಜಿದ ಹಾಗೆ ಮಂಕಾಗಿತ್ತು. ಕೂತು ಬೆಳಕು ಹಿಡಿದು ನೋಡಿದರೆ ಎಣಿಸಲಾರದಷ್ಟು ಸಣ್ಣ ಸಣ್ಣ ಪೆಟ್ಟು. ದೊಡ್ಡವು, ಬಣ್ಣ ಪೂರ್ತಿ ಹಾರಿದವು, ಎರಡೂ ಕಡೆ ಸೇರಿ 27.

ಇವು ಟಿಪ್ಪರ್ ಎಸೆದ ಕಲ್ಲುಗಳಲ್ಲ. ಗಾಡಿಯ ಮುಂದಿನ ಚಕ್ರವೇ ಎಸೆದಿದ್ದು. ಅಗಲ ಟೈರು, ಮೆತ್ತನೆ ರಬ್ಬರು, ಹಿಂದೆ ಮಡ್‌ಫ್ಲಾಪ್ ಅಂತ ಹೆಸರಿಗೆ ಒಂದು ಚೂರು. ಮನೆಯ ಹತ್ತಿರದ ಎರಡು ಕಿಲೋಮೀಟರಿನಲ್ಲಿ ಜಂಬಿಟ್ಟಿಗೆ ಹರಳುಗಳು ಟೈರಿಗೆ ಅಂಟಿ ಮೇಲೆ ಬರುತ್ತವೆ, ಡಾಂಬರು ಸಿಕ್ಕಿ ವೇಗ ಹೆಚ್ಚಿದ ಕೂಡಲೇ ಹಿಂದಕ್ಕೆ ಹಾರುತ್ತವೆ. ಮುಂದೆ ಬಡಿಯುವ ಕಲ್ಲು ಕಮ್ಮಿ, ಆದರೆ ಜೋರು. ವೇಗ ಎರಡು ಪಟ್ಟಾದರೆ ಪೆಟ್ಟು ನಾಲ್ಕು ಪಟ್ಟು. ಪಕ್ಕಕ್ಕೆ ಬಡಿಯುವವು ಸಣ್ಣವು, ಆದರೆ ದಿನವೂ, ಅದೇ ಜಾಗಕ್ಕೆ.

ನನಗೆ ಹೊಟ್ಟೆ ಉರಿದಿದ್ದು ಯಾಕೆ ಅಂದರೆ, ಆ ಹಿಂದಿನ ಉಬ್ಬಿನ ಮುಂದೆ ಅಂಗೈ ಅಗಲದ ಒಂದು ಪಾರದರ್ಶಕ ಫಿಲ್ಮ್ ಮೊದಲಿನಿಂದಲೂ ಇತ್ತು. ಕಂಪನಿಯಿಂದಲೇ ಅಂಟಿಸಿ ಬಂದಿದ್ದು. ಗಾಡಿ ಮಾಡಿದವರೇ ಕಲ್ಲು ಎಲ್ಲಿ ಬಡಿಯುತ್ತದೆ ಅಂತ ಗುರುತು ಹಾಕಿ ಕೊಟ್ಟಿದ್ದರು. ಫೆಬ್ರವರಿಯಲ್ಲಿ ಅದನ್ನು ತೊಳೆದಿದ್ದೆ, ಒರೆಸಿದ್ದೆ, ನೋಡಿರಲಿಲ್ಲ.

ಇನ್ನೂ ಒಂದು ಲೆಕ್ಕ ತಪ್ಪಿದ್ದೆ. ಬಂಪರ್ ಹಾಳಾದರೆ ಬಿಚ್ಚಿ ಪೇಂಟ್ ಮಾಡಬಹುದು, ತೀರಾ ಆದರೆ ಹೊಸದು ಹಾಕಬಹುದು. ಪ್ಲಾಸ್ಟಿಕ್, ತುಕ್ಕಿನ ಭಯ ಇಲ್ಲ. ಹಿಂದಿನ ಉಬ್ಬು ಬಾಡಿಗೇ ವೆಲ್ಡ್ ಆಗಿರುವ ಉಕ್ಕು. ಬಿಚ್ಚಲು ಬರುವುದಿಲ್ಲ, ಪೇಂಟ್ ಮಾಡಿದರೆ ಬಣ್ಣವನ್ನು ಮೇಲಿನವರೆಗೆ ಹೊಂದಿಸಿಕೊಂಡು ಹೋಗಬೇಕು, ನಮ್ಮ ಮಳೆಗೆ ತುಕ್ಕು ಹಿಡಿದರೆ ಕಥೆ ಮುಗಿಯಿತು. ಫಿಲ್ಮ್ ಮೊದಲು ಬೀಳಬೇಕಾಗಿದ್ದು ಅಲ್ಲಿಗೆ. ಕಣ್ಣಿಗೆ ಕಾಣುವ ಕಡೆಯಿಂದ ನಾನು ಲೆಕ್ಕ ಶುರು ಮಾಡಿದ್ದೆ.

"ಇವತ್ತೇ ಹಾಕಿಬಿಡು" ಅಂದರು. ಹೊರಗೆ ಧೋ ಅಂತ ಮಳೆ. ಆಗಸ್ಟಿನ ಥಂಡಿಯಲ್ಲಿ ಫಿಲ್ಮಿನ ಕೆಳಗಿನ ನೀರು ಬೇಗ ಆರುವುದಿಲ್ಲ. ಅಂಚು ಕಚ್ಚುವ ಮೊದಲೇ ಗಾಡಿ ಕೆಸರಿಗೆ ಇಳಿದರೆ ಅಂಚಿನೊಳಗೆ ಮಣ್ಣು. ಹಾಕಿದ ಮೇಲೆ ಒಂದು ವಾರ ತೊಳೆಯಬೇಡಿ ಅಂತ ಹೇಳುವವರು ನಾವು, ಇಲ್ಲಿ ಆಕಾಶವೇ ತೊಳೆಯುತ್ತಿದೆ. ಮಳೆ ಮುಗಿಯಲಿ ಅಂದೆ. 27 ಪೆಟ್ಟುಗಳಿಗೆ ಮಾತ್ರ ಪ್ರೈಮರ್, ಬಣ್ಣ ಮುಟ್ಟಿಸಿ ಕಳಿಸಿದೆ. ಅಕ್ಟೋಬರ್‌ವರೆಗೆ ಅವರು ಜೀಪಿನಲ್ಲಿ ಓಡಾಡಿದರು.

ಅದೇ ಭೇಟಿಯಲ್ಲಿ ಇನ್ನೊಂದು ನೋಡಿದೆ. ಬಾನೆಟ್ ತುಂಬ ತಿಳಿ ನೀಲಿ, ಬಿಳಿ ಚುಕ್ಕೆ. ಅಡಿಕೆಗೆ ಕೊಳೆರೋಗದ ಔಷಧಿ ಬೋರ್ಡೋ ಹೊಡೆಯುವಾಗ ಗಾಳಿಗೆ ತೇಲಿ ಬಂದಿದ್ದು. ಮೈಲುತುತ್ತ, ಸುಣ್ಣ. ಬರಿಯ ಪೇಂಟಿನ ಮೇಲೆ ಸುಣ್ಣ ಒಣಗಿ ಕೂತರೆ ಕಲೆ ಕಚ್ಚುತ್ತದೆ. ವಿನೆಗರ್ ಬೆರೆಸಿದ ನೀರಲ್ಲಿ ಬಟ್ಟೆ ಅದ್ದಿ ಐದು ನಿಮಿಷ ಹಾಕಿದ್ದಕ್ಕೆ ಕರಗಿ ಹೋಯಿತು. ಫಿಲ್ಮ್ ಮೇಲೆ ಗುರುತಿಲ್ಲ. ಫಿಲ್ಮ್ ಕಂಪನಿಯ ಕ್ಯಾಟಲಾಗಿನಲ್ಲಿ ಹಕ್ಕಿ ಹಿಕ್ಕೆ, ಮರದ ಅಂಟು ಎಲ್ಲ ಬರೆದಿರುತ್ತಾರೆ. ಬೋರ್ಡೋ ಬಗ್ಗೆ ಯಾರೂ ಬರೆಯುವುದಿಲ್ಲ.

ಕೆಂಪು ಗೆರೆ

ಅಕ್ಟೋಬರ್ ಕೊನೆಗೆ ಬಾಗಿಲಿನ ಕೆಳಭಾಗ, ಸೈಡ್ ಸ್ಕರ್ಟ್, ಹಿಂದಿನ ಉಬ್ಬು ಎಲ್ಲಕ್ಕೂ ಫಿಲ್ಮ್ ಹಾಕಿದೆವು. 70 ಸಾವಿರ ಆಯಿತು. ಬಾನೆಟ್ಟನ್ನೂ ಮತ್ತೆ ಮಾಡಬೇಕಾಯಿತು, ಹಾಳೆಯ ದುಡ್ಡು ಮಾತ್ರ ತಗೊಂಡೆ. ಕಾರಣ ಹೇಳುತ್ತೇನೆ.

ಮೊದಲ ಸಲ ಬಾನೆಟ್‌ಗೆ ಮೆಷಿನ್‌ನಲ್ಲಿ ಅಳತೆಗೆ ಕತ್ತರಿಸಿದ ಹಾಳೆ ಹಾಕಿದ್ದೆ. ಅದು ಪ್ಯಾನಲಿನ ಅಂಚಿಗಿಂತ ಒಂದೆರಡು ಮಿಲಿಮೀಟರ್ ಒಳಗೇ ನಿಲ್ಲುತ್ತದೆ. ಗಾಡಿ ಮೇಲೆ ಬ್ಲೇಡ್ ಆಡಿಸುವ ಅಪಾಯ ಇಲ್ಲ, ಕೆಲಸ ಬೇಗ. ಬೇರೆ ಊರಲ್ಲಿ ಆ ಅಂಚು ಕಾಣುವುದೇ ಇಲ್ಲ. ನಮ್ಮ ಜಂಬಿಟ್ಟಿಗೆ ಧೂಳು ಆ ಒಂದು ಕೂದಲೆಳೆ ಮೆಟ್ಟಿಲಲ್ಲಿ ಕೂತು, ಮಳೆಗೆ ನೆನೆದು, ಗಾಢ ನೀಲಿ ಬಾನೆಟ್ ಸುತ್ತ ಕುಂಕುಮದಲ್ಲಿ ಗೆರೆ ಎಳೆದ ಹಾಗೆ ಆಗಿತ್ತು. ಬ್ರಷ್ ಹಾಕಿ ಉಜ್ಜಿದರೆ ಅಂಚು ಏಳುತ್ತದೆ. ಹಾಗಾಗಿ ಈ ಸಲ ದೊಡ್ಡ ಹಾಳೆ ಎಳೆದು, ಅಂಚನ್ನು ಪ್ಯಾನಲಿನ ಒಳಗೆ ಮಡಿಚಿ, ಬಿಸಿ ಕೊಟ್ಟು ಕೂರಿಸಿದೆವು. ಹಳೆಯ ಹಾಳೆ ಕಿತ್ತಾಗ ಒಂದು ಒಳ್ಳೆಯ ವಿಷಯವೂ ಗೊತ್ತಾಯಿತು: 34 ಟಚಪ್‌ನಲ್ಲಿ ಒಂದೂ ಎದ್ದು ಬರಲಿಲ್ಲ.

ಈಗ ಶೆಡ್ಡಿನಲ್ಲಿ ಬದಲಾಗಿರುವುದು

ಪ್ಲಾಸ್ಟಿಕ್ ಭಾಗದಲ್ಲಿ ಮೀಟರ್ ಸುಮ್ಮನಿದ್ದರೆ ನಾವು ಸುಮ್ಮನಿರುವುದಿಲ್ಲ. ಚಕ್ರದ ಒಳಗಿನ ಲೈನರಿನ ಎರಡು ಸ್ಕ್ರೂ ಬಿಚ್ಚಿ ಬಂಪರಿನ ಹಿಂದಿನ ಅಂಚು ನೋಡುತ್ತೇವೆ. ಮತ್ತೆ ಪೇಂಟ್ ಆಗಿದ್ದರೆ ಅಲ್ಲಿ ಮಾಸ್ಕಿಂಗ್ ಟೇಪ್ ನಿಂತ ಗೆರೆ, ಸಿಡಿದ ಬಣ್ಣದ ತುಂತುರು ಸಿಗುತ್ತದೆ. ಕಾಣದ ಅಂಚಿನಲ್ಲಿ ಟೇಪ್ ಎಳೆದು ನೋಡುತ್ತೇವೆ, ಮಾಲೀಕರ ಎದುರಿಗೇ. ಎದ್ದು ಬಂದರೆ ಆ ಪ್ಯಾನಲ್ ಬಿಟ್ಟು ಉಳಿದ ಕೆಲಸ. ಇದರಿಂದ ಎರಡು ಗಿರಾಕಿಗಳು ಕೈತಪ್ಪಿ ಹೋಗಿದ್ದಾರೆ. ಅವರ ಗಾಡಿಗೆ ಬೇರೆಯವರು ಒಂದೇ ದಿನದಲ್ಲಿ ಹಾಕಿಕೊಟ್ಟರು.

ಬಜೆಟ್ ಕಮ್ಮಿ ಅಂದವರಿಗೆ ಮೊದಲು ಕೇಳುವುದು ಮನೆಯ ದಾರಿ ಎಂಥದ್ದು ಅಂತ. ಹೆದ್ದಾರಿ ಜಾಸ್ತಿಯಾದರೆ ಮುಂಭಾಗ. ಮಣ್ಣಿನ ದಾರಿಯಿದ್ದು ಅಗಲ ಟೈರ್ ಇದ್ದರೆ ಮೊದಲು ಸ್ಕರ್ಟ್ ಮತ್ತು ಹಿಂದಿನ ಉಬ್ಬು, ದುಡ್ಡು ಉಳಿದರೆ ಬಾನೆಟ್. ಕೇಳಿದವರಿಗೆ ವಿಚಿತ್ರ ಅನಿಸುತ್ತದೆ. ಆಗ ಫೋನಿನಲ್ಲಿ ಈ ಗಾಡಿಯ ಫೋಟೋ ತೋರಿಸುತ್ತೇನೆ, ನಂಬರ್ ಪ್ಲೇಟ್ ಮುಚ್ಚಿ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೊರಗೆ ನಿಲ್ಲುವ ಗಾಡಿಗಳಿಗೆ ಫಿಲ್ಮ್ ಕೆಲಸ ತಗೊಳ್ಳುವುದಿಲ್ಲ. ಬಾಡಿಗೆ ಕಟ್ಟುವವನಿಗೆ ಇದು ಕಷ್ಟದ ತೀರ್ಮಾನ. ಆ ನಾಲ್ಕು ತಿಂಗಳು ಪಾಲಿಶ್, ಒಳಗಿನ ಕ್ಲೀನಿಂಗ್, ಸೀಟಿನ ಬೂಷ್ಟು ತೆಗೆಯುವ ಕೆಲಸ. ಮಲೆನಾಡಿನಲ್ಲಿ ಬೂಷ್ಟಿಗೆ ಬರವಿಲ್ಲ.

ಐದನೇ ಭೇಟಿ

2025ರ ಮಾರ್ಚ್‌ನಲ್ಲಿ ಯಜಮಾನರು ಸುಮ್ನೆ ತೋರಿಸಿಕೊಂಡು ಹೋಗಲು ಬಂದರು. ಒಂದು ಬಕೆಟ್ ಬಿಸಿನೀರು ಹಾಕಿದಾಗ ಬಾನೆಟ್ ಮೇಲಿನ ಸಣ್ಣ ಗೀರುಗಳು ಅವರ ಕಣ್ಣೆದುರೇ ಮಾಯವಾದವು. ಅದನ್ನು ನೋಡಲೆಂದೇ ಪ್ರತಿ ಸಲ ಬರುತ್ತಾರೋ ಏನೋ. ಹಿಂದಿನ ಉಬ್ಬಿನ ಫಿಲ್ಮ್ ಸ್ವಲ್ಪ ಮಂಕಾಗಿದೆ, ಕೆಳಗಿನ ಪೇಂಟ್ ಹಾಗೇ ಇದೆ. ಸ್ಕರ್ಟಿನ ಹಾಳೆಯನ್ನು ಎರಡು ಮೂರು ವರ್ಷಕ್ಕೊಮ್ಮೆ ಬದಲಿಸಬೇಕಾಗಬಹುದು ಅಂತ ಹೇಳಿದ್ದೇನೆ.

ಬಾನೆಟ್‌ನಲ್ಲಿ ಒಂದು ತೂತು. ತರೀಕೆರೆ ದಾಟಿದ ಮೇಲೆ ಎದುರಿನ ಟಿಪ್ಪರಿನಿಂದ ಹಾರಿದ ಕಲ್ಲು. ಫಿಲ್ಮ್ ಸೀಳಿ, ಕೆಳಗೆ ಎಳ್ಳು ಕಾಳಿನಷ್ಟು ಬಣ್ಣ ಹೋಗಿತ್ತು. ಹಾಳೆ ಬದಲಿಸಲಾ ಅಂತ ಕೇಳಿದೆ.

"ಎಷ್ಟಾಗುತ್ತೆ?"

"ಹದಿನೆಂಟು ಸಾವಿರ ಸಾರ್."

ಬಗ್ಗಿ ನೋಡಿದರು. ಬೆರಳು ಆಡಿಸಿದರು. "ಇರಲಿ ಬಿಡು ಮಾರಾಯ. ಇನ್ನೊಂದು ನಾಲ್ಕೈದು ಆಗಲಿ, ಒಟ್ಟಿಗೆ ಮಾಡಿದರಾಯ್ತು" ಅಂದರು. ತೂತಿಗೆ ಸೂಜಿ ತುದಿಯಿಂದ ಬಣ್ಣ ಇಟ್ಟು, ಮೇಲೆ ಒಂದು ಹನಿ ಕ್ಲಿಯರ್ ಬಿಟ್ಟೆ. ದುಡ್ಡು ತಗೊಳ್ಳಲಿಲ್ಲ. ಡಿಕ್ಕಿಯಿಂದ ಒಂದು ಚೀಲ ಎಳೆ ಹಲಸಿನಕಾಯಿ ಇಳಿಸಿದರು. ಚೀಲದಿಂದ ಮೇಣ ಸೋರಿ ಬಂಪರ್ ಮೇಲೆ ಎರಡು ಹನಿ ಬಿತ್ತು. ಇಬ್ಬರೂ ಒಟ್ಟಿಗೆ ಬಟ್ಟೆಗೆ ಕೈ ಹಾಕಿದೆವು.